ಏಳನೇ ಕಲ್ಲು — ಒಂಬತ್ತನೇ ಕಂತು: ಹುಲ್ಲು ಮುಗಿದ ಜಾಗ

ಹುಲ್ಲು ಅಲ್ಲಿಗೆ ಮುಗಿದುಹೋಗಿತ್ತು.

ಒಣಗಿದ್ದಲ್ಲ, ದನ ಮೇಯ್ದದ್ದೂ ಅಲ್ಲ. ಸೊಂಟದೆತ್ತರ ಬೆಳೆದು, ಅರ್ಧ ರಸ್ತೆಯನ್ನು ನುಂಗಿ, ಅಳತೆ ಅಕ್ಕನ ಪ್ಯಾಂಟಿಗೆಲ್ಲ ಮುಳ್ಳು ಹೊಲಿದುಕೊಟ್ಟಿದ್ದ ಹುಲ್ಲು, ಯಾರೋ ಅಡ್ಡಗೆರೆ ಎಳೆದು ‘ನಿನ್ನ ಆಟ ಇಲ್ಲಿಗೆ’ ಎಂದಂತೆ ತಟ್ಟನೆ ನಿಂತಿತ್ತು. ಗೆರೆಯ ಈಚೆ, ಚರಂಡಿ ಎಲ್ಲಿದೆಯೆಂದು ಚರಂಡಿಗೇ ಗೊತ್ತಿಲ್ಲ. ಗೆರೆಯ ಆಚೆ, ದಾರ ಹಿಡಿದು ತೋಡಿದಂಥ ಚರಂಡಿ. ಅಂಚುಗಲ್ಲುಗಳು ಶಾಲೆಯ ಫೋಟೋಕ್ಕೆ ಕೂತ ಮಕ್ಕಳಂತೆ ಸಾಲಾಗಿ, ಮೈ ತೊಳೆದುಕೊಂಡು.

ಅಳತೆ ಅಕ್ಕ ಕೈಯಲ್ಲಿದ್ದ ಅಳತೆ ಗಾಲಿಯನ್ನು ನಿಲ್ಲಿಸಿ, ಬಗ್ಗಿ ಅದರ ಅಂಕೆ ಓದಿದಳು. ಆರನೇ ಮೈಲಿಗಲ್ಲಿನಿಂದ ಇಲ್ಲಿಗೆ ಎಂಟು ಫರ್ಲಾಂಗು. ಅಂದರೆ ಒಂದು ಮೈಲಿ. ಒಂದಡಿ ಹೆಚ್ಚಿಲ್ಲ, ಒಂದಡಿ ಕಮ್ಮಿಯಿಲ್ಲ.

ಹಾಗಾದರೆ ಏಳನೇ ಕಲ್ಲು ಇಲ್ಲೇ ಇರಬೇಕು. ಇರಲಿಲ್ಲ.

ಅದು ಎದುರಿಗೆ, ಕಣಿವೆಯ ಮಡಿಕೆಯ ಆಚೆ ಅಂಚಿನಲ್ಲಿ, ಸುಣ್ಣ ಬಳಿದುಕೊಂಡು ಬೆಳ್ಳಗೆ ನಿಂತಿತ್ತು. ಗಾಳಿಗೆ ಕೂಗಳತೆ, ರಸ್ತೆ ಹಿಡಿದು ಬಳಸಿಕೊಂಡು ಹೋಗುವ ಕಾಲಿಗೆ ಇನ್ನೂ ಎರಡು ಫರ್ಲಾಂಗು. ಕಲ್ಲಿನ ಬುಡದಲ್ಲಿ ಒಬ್ಬ ಮುದುಕ ಕಾಲು ಚಾಚಿ ಕೂತು ಬುತ್ತಿ ಬಿಚ್ಚುತ್ತಿದ್ದ.

‘ಕಲ್ಲಿಗೆ ಕಾಲು ಬಂದಿರಬೇಕು’ ಅಂದುಕೊಂಡಳು. ‘ಇಲ್ಲ, ಯಾರದೋ ಕೈ ಬಂದಿರಬೇಕು.’

*

ಈ ರಸ್ತೆಯ ಉಸ್ತುವಾರಿ ಹೊತ್ತಿದ್ದ ಓವರ್‌ಸಿಯರ್ ಇಲ್ಲೇ ಕಾಣೆಯಾಗಿ ಇಪ್ಪತ್ತಾರು ವರ್ಷ. ಆಗ ಒಂಬತ್ತರ ಹುಡುಗಿಯಾಗಿದ್ದ ಅವರ ಮಗಳು ಈಗ ಟೀಚರಮ್ಮ. ಅಳತೆ ಅಕ್ಕನ ಮುಂದೆ ಕೂತು ಅವಳು ಕೇಳಿದ್ದು ಒಂದೇ ಪ್ರಶ್ನೆ.

“ಅಪ್ಪ ಓಡಿಹೋದ್ರಾ, ಇಲ್ಲ ಹೋಗ್ಬಿಟ್ರಾ? ಅಷ್ಟು ಹೇಳಿ ಸಾಕು ಅಕ್ಕ. ಓಡಿಹೋದವನ ಮಗಳು ಅನ್ನಿಸ್ಕೊಂಡೇ ಅಮ್ಮನ್ನ ಕಳಿಸಿಕೊಟ್ಟೆ. ನಾನಾದ್ರೂ ತಿಳ್ಕೊಂಡು ಸಾಯ್ತೀನಿ.”

ತಿಳಿದುಕೊಳ್ಳಲು ಉಳಿದಿದ್ದದ್ದು ಈ ಒಂದು ಹಗಲು. ಗುಡ್ಡದ ಹೊಟ್ಟೆಯಲ್ಲಿ ಸುರಂಗ ಕೊರೆದಾಗಿದೆ. ಗಾಡಿಗಳೆಲ್ಲ ಅತ್ತ ಹೊರಳಿವೆ. ನಾಳೆ ಬೆಳಿಗ್ಗೆ ಈ ಹಳೆಯ ರಸ್ತೆಗೆ ಗೇಟು ಹಾಕಿ ಅರಣ್ಯ ಇಲಾಖೆಗೆ ಒಪ್ಪಿಸುತ್ತಾರೆ. ಆಮೇಲೆ ಇಲ್ಲೊಂದು ಗುದ್ದಲಿ ಎತ್ತಬೇಕಾದರೂ ಹತ್ತು ಕಚೇರಿಯ ಹೊಸ್ತಿಲು ಸವೆಸಬೇಕು. ಅಷ್ಟರಲ್ಲಿ ಕಾಡು ಬಂದು ತನ್ನ ರುಜು ಹಾಕಿರುತ್ತದೆ.

ಅಳತೆ ಅಕ್ಕ ಗೆರೆಯ ಮೇಲೇ ಕೂತಳು. ಮೂವತ್ತು ವರ್ಷ ಸರ್ವೇ ಇಲಾಖೆಯಲ್ಲಿ ಸರಪಳಿ ಎಳೆದವಳು. ಸರಪಳಿ ಹಿಡಿಯಲು ಇಬ್ಬರು ಬೇಕು. ಆ ತುದಿ ಹಿಡಿಯುತ್ತಿದ್ದ ಯಜಮಾನರು ತೀರಿಕೊಂಡ ಮೇಲೆ ಅವಳು ಗಾಲಿ ಕೊಂಡಳು. ಗಾಲಿಗೆ ಒಬ್ಬರು ಸಾಕು.

ಎದ್ದ ಹುಲ್ಲು, ಎದ್ದು ಕಾಣುವ ಗೆರೆ. ಅರ್ಥವಾಗಲು ಪತ್ತೇದಾರಿ ಬುದ್ಧಿಯೇನೂ ಬೇಕಿರಲಿಲ್ಲ; ಈ ರಸ್ತೆಯ ಪದ್ಧತಿ ಗೊತ್ತಿದ್ದರೆ ಸಾಕಿತ್ತು.

ಇಲ್ಲಿ ಮೈಲಿಗೊಬ್ಬ ಮೈಲಿಗೂಲಿ. ಆರನೇ ಕಲ್ಲಿನಿಂದ ಏಳನೇ ಕಲ್ಲಿನ ತನಕ ಏಳನೆಯವನದು. ಏಳರಿಂದ ಎಂಟರ ತನಕ ಎಂಟನೆಯವನದು. ತಂತಮ್ಮ ಮೈಲಿಯ ಗುಂಡಿ ತುಂಬು, ಚರಂಡಿ ತೋಡು, ಹುಲ್ಲು ಸವರು. ಪಕ್ಕದವನ ಮೈಲಿಯಲ್ಲಿ ಬಂಡೆಯೇ ಉರುಳಿ ಬಿದ್ದರೂ ಗುದ್ದಲಿ ತಾಗಿಸುವಂತಿಲ್ಲ. ಅವನ ಮೈಲಿ ಮುಟ್ಟಿದರೆ ಇವನಿಗೆ ಮೈಲಿಗೆ. ಹಾಗೆಂದು ಯಾರೂ ಕಾನೂನು ಬರೆದಿರಲಿಲ್ಲ. ಬರೆಯದ ಕಾನೂನನ್ನು ಮುರಿಯುವ ಧೈರ್ಯವೂ ಯಾರಿಗಿರಲಿಲ್ಲ.

ಏಳನೆಯವನು ತೀರಿಕೊಂಡು ಒಂಬತ್ತು ವರ್ಷ. ಅವನ ಜಾಗಕ್ಕೆ ಯಾರೂ ಬರಲಿಲ್ಲ. ಅವನ ಮೈಲಿ ಕಾಡಾಯಿತು. ಎಂಟನೆಯವನು ಇದ್ದಾನೆ, ಅವನ ಮೈಲಿ ಕನ್ನಡಿ. ಅಲ್ಲಿಗೆ ಎಲ್ಲ ಸರಿ.

ಆದರೆ ಕಾಡು ಮುಗಿದು ಕನ್ನಡಿ ಶುರುವಾಗಬೇಕಾದದ್ದು ಕಲ್ಲಿನ ಹತ್ತಿರ. ಶುರುವಾಗಿದ್ದದ್ದು ಕಲ್ಲಿಗಿಂತ ಎರಡು ಫರ್ಲಾಂಗು ಮೊದಲೇ.

ಗಾಲಿ ಹೇಳಿದ್ದನ್ನೇ ಹುಲ್ಲೂ ಹೇಳುತ್ತಿತ್ತು.

ಅಳತೆ ಅಕ್ಕ ರಸ್ತೆಯ ಅಂಚಿಗೆ ಬಂದು ಕೆಳಗೆ ಬಾಗಿದಳು. ರಸ್ತೆಯಡಿ ನೀರು ಹಾಯುವ ಮೋರಿಯೊಂದಿತ್ತು. ಕಮಾನು ಇದೆ, ಬಾಯಿ ಇಲ್ಲ. ಬಾಯಿಯನ್ನು ಕಲ್ಲು ಜೋಡಿಸಿ ಮುಚ್ಚಿ, ಗಾರೆ ಮೆತ್ತಲಾಗಿತ್ತು. ಗಾರೆಯ ಮೇಲೆ ಹಾವಸೆ ದಪ್ಪಗೆ ಹಬ್ಬಿತ್ತು. ನೀರು ದಾರಿ ಸಿಗದೆ ಪಕ್ಕದ ಮಣ್ಣು ಕೊರೆದುಕೊಂಡು ಹೋಗಿತ್ತು.

ಓವರ್‌ಸಿಯರ್ ಡೈರಿಯ ಕೊನೆಯ ಸಾಲು ಅವಳಿಗೆ ಬಾಯಿಪಾಠ: ‘ಏಳನೇ ಕಲ್ಲಿನ ಬುಡದ ಮೋರಿ ಬಿರುಕು. ಬಸ್ಸು ಬಿಡುವಂತಿಲ್ಲ. ನಾಳೆ ಒಳಗಿಳಿದು ನೋಡಿ ವರದಿ.’

ಅಂದು ಹುಡುಕಲು ಬಂದವರು ಏಳನೇ ಕಲ್ಲಿಗೆ ಹೋದರು. ಆ ಕಲ್ಲಿನ ಬುಡದಲ್ಲೂ ಒಂದು ಮೋರಿ ಸಿಕ್ಕಿತು. ಒಳಗಿಳಿದರು. ಬಿರುಕಿಲ್ಲ, ಓವರ್‌ಸಿಯರೂ ಇಲ್ಲ. ಅವರ ಮೋಟರ್ ಸೈಕಲ್ಲು ಕೆಳಗೆ ಬಸ್ ನಿಲ್ದಾಣದಲ್ಲಿತ್ತು. ಡೈರಿಯಲ್ಲಿ ಸುಳ್ಳು ಬರೆದಿಟ್ಟು ಬಸ್ಸು ಹತ್ತಿ ಪರಾರಿ ಎಂದು ಕಡತ ಮುಚ್ಚಿತು. ಮನುಷ್ಯ ಸುಳ್ಳು ಹೇಳಿದ್ದಾನೆಂದು ಎಲ್ಲರೂ ನಂಬಿದರು. ಕಲ್ಲು ಸುಳ್ಳು ಹೇಳೀತೆಂದು ಯಾರಿಗೂ ಹೊಳೆಯಲಿಲ್ಲ.

*

ಅಳತೆ ಅಕ್ಕ ಜೋಳಿಗೆಯಿಂದ ಒಂದು ಪುಸ್ತಿಕೆ ತೆಗೆದಳು. ‘ನಮ್ಮ ಘಾಟಿ ರಸ್ತೆಯ ಚರಿತ್ರೆ’, ಮೂವತ್ತೆರಡು ಪುಟ. ಬರೆದವರು ದೊಡ್ಡ ಸಾಹೇಬರು. ಆ ಕಾಲದಲ್ಲಿ ಓವರ್‌ಸಿಯರ್‌ಗೆ ಮೇಲಧಿಕಾರಿಯಾಗಿದ್ದ ಇಂಜಿನಿಯರು, ಈಗ ನಿವೃತ್ತರು. ಇವತ್ತು ಬೆಳಿಗ್ಗೆ ಬಸ್ಸಿಲ್ಲವೆಂದು ತಮ್ಮ ಜೀಪಿನಲ್ಲೇ ಅವಳನ್ನು ಆರನೇ ಕಲ್ಲಿನ ತನಕ ತಂದು ಬಿಟ್ಟವರೂ ಅವರೇ. ಇಲಾಖೆಯ ಹರಾಜಿನಲ್ಲಿ ತಾವೇ ಕೊಂಡ ಹಳೇ ಜೀಪು. ಪ್ರತಿ ಏರಿನಲ್ಲೂ ಮೂರು ಸಲ ಕೆಮ್ಮಿ ಒಂದು ಸಲ ಸೀನುತ್ತಿತ್ತು.

“ನಾನೂ ಇದೂ ಒಟ್ಟಿಗೇ ರಿಟೈರ್ ಆದ್ವಿ ಕಣಮ್ಮ” ಎಂದು ನಕ್ಕಿದ್ದರು. “ಉಬ್ಬಸ ಮಾತ್ರ ಇದರ ಪಾಲಿಗೆ ಬಂತು. ಆರನೇ ಕಲ್ಲಿನಾಚೆ ಯಾವ ಗಾಡಿನೂ ಹೋಗಲ್ಲ, ಕುಸಿದುಹೋಗಿದೆ. ನಡ್ಕೊಂಡು ಹೋಗಿ ಬನ್ನಿ. ಐದು ಗಂಟೆಗೆ ಇಲ್ಲೇ ಕಾಯ್ತಿರ್ತೀನಿ. ಆ ಟೀಚರ್ ಹುಡುಗಿ ಪ್ರವಾಸಿ ಬಂಗಲೆಯಲ್ಲಿ ಆರಾಮಾಗಿರ್ಲಿ, ಅವಳಿಗೇಕೆ ಈ ಸುಸ್ತು.”

ಎಂಥ ಮೃದು ಮಾತು. ಬೆಣ್ಣೆ ಸವರಿದ ಬ್ರೆಡ್ಡಿನ ಹಾಗೆ.

ಪುಸ್ತಿಕೆಯಲ್ಲಿ ಮೊದಲನೇ ಮೈಲಿಗೆ ಎರಡು ಪುಟ, ಮೂರನೇ ಮೈಲಿಯ ಸೇತುವೆಗೆ ನಾಲ್ಕು ಪುಟ, ಫೋಟೋ ಸಮೇತ. ಏಳನೇ ಮೈಲಿಗೆ ಒಂದೇ ಸಾಲು: ‘ವಿಶೇಷವೇನಿಲ್ಲ.’

ಕೊನೆಯ ಪುಟದಲ್ಲಿ, ಕೆಳಗಿನ ಐದು ಮೈಲಿಗೆ ಡಾಂಬರು ಬಂದು, ಮೇಲಿನ ನಾಲ್ಕಕ್ಕೂ ಬಂದು, ನಡುವಿನ ಈ ಮೂರು ಮೈಲಿ ಮಾತ್ರ ಏಕೆ ಕಲ್ಲುಮಣ್ಣಿನದಾಗಿಯೇ ಉಳಿಯಿತೆಂಬುದಕ್ಕೆ ಕಾರಣ ಕೊಟ್ಟಿದ್ದರು. ಅಗಲ ಮಾಡುವ ಪ್ರಸ್ತಾವ ನಾಲ್ಕು ಸಲ ಬಂದು, ನಾಲ್ಕು ಸಲವೂ ಒಂದೇ ಷರಾ ಹೊತ್ತು ವಾಪಸಾಯಿತಂತೆ: ‘ಬಂಡೆ ಸಡಿಲ. ಅಗೆಯಕೂಡದು.’ ಷರಾ ಬರೆದವರು ಯಾರೆಂದು ಪುಸ್ತಿಕೆ ಹೇಳುವುದಿಲ್ಲ. ಮೊನ್ನೆ ಕಚೇರಿಯಲ್ಲಿ ಆ ನಾಲ್ಕೂ ಕಾಗದ ನೋಡಿದ್ದ ಅಳತೆ ಅಕ್ಕ ಹೇಳಬಲ್ಲಳು. ದುಂಡಗಿನ ಅಕ್ಷರ, ಕೆಳಗೆ ಎರಡು ಗೆರೆ. ಪುಸ್ತಿಕೆಯ ಮೊದಲ ಪುಟದಲ್ಲಿ ‘ಪ್ರೀತಿಯಿಂದ’ ಎಂದು ಬರೆದುಕೊಟ್ಟಿದ್ದ ಅದೇ ಅಕ್ಷರ, ಅದೇ ಎರಡು ಗೆರೆ.

ಎಲ್ಲರೂ ಯೋಜನೆಗೆ ಕಲ್ಲು ಹಾಕುತ್ತಾರೆ. ಇವರು ಕಲ್ಲು ಕಿತ್ತು ಹಾಕಿದ್ದರು.

ಅವಳಿಗೆ ನಗು ಬರಲಿಲ್ಲ. ಎಲ್ಲ ಕಡೆಯಂತೆ ಇಲ್ಲೂ ಕಿಲೋಮೀಟರ್ ಕಲ್ಲು ಬಂದಿದ್ದರೆ, ಹಳೆಯ ಮೈಲಿಗಲ್ಲುಗಳೆಲ್ಲ ಯಾವುದೋ ಗೋಡೆಯೊಳಗೆ ಸೇರಿಹೋಗಿ, ಅಳೆಯಲು ಏನೂ ಉಳಿಯುತ್ತಿರಲಿಲ್ಲ. ಮೋರಿ ಮುಚ್ಚಿಡಲು ರಸ್ತೆಯನ್ನು ಹಳೆಯದಾಗಿ ಇಟ್ಟರು. ಹಳೆಯದಾಗಿ ಇಟ್ಟಿದ್ದಕ್ಕೇ ಮೋರಿ ಸಿಕ್ಕಿತು.

ಸಾಕ್ಷಿ ಒಂದು ಬೇಕು. ಗಾಲಿಯನ್ನು ಯಾರೂ ಕೋರ್ಟಿನ ಕಟಕಟೆಗೆ ಹತ್ತಿಸುವುದಿಲ್ಲ.

ಅವಳು ಎರಡು ಫರ್ಲಾಂಗು ನಡೆದಳು.

*

“ಊಟಕ್ಕೆ ಬನ್ನಿ” ಅಂದ ಮುದುಕ, ತಲೆಯೆತ್ತದೆಯೇ. “ಇಬ್ಬರಿಗಾಗೋಷ್ಟಿದೆ. ಯಾವಾಗ್ಲೂ ಇಬ್ಬರಿಗೇ ಕಟ್ಕೊಂಡು ಬರೋದು.”

“ಇನ್ನೊಬ್ಬರು ಯಾರು?”

“ಏಳಣ್ಣ. ಅವನ ಮೈಲಿ ಮುಗಿಯೋದೂ ನನ್ನ ಮೈಲಿ ಶುರುವಾಗೋದೂ ಒಂದೇ ಕಡೆ ಅಲ್ವಾ. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಉಣ್ತಿದ್ವಿ. ಹೆಸರು ಏಳಣ್ಣ, ಏಳೋದು ಮಾತ್ರ ಎಂಟಕ್ಕೆ. ಒಂದಿನ ಎಂಟಾದ್ರೂ ಏಳ್ಲಿಲ್ಲ.”

“ಒಂಬತ್ತು ವರ್ಷ ಆಯ್ತಲ್ಲ ಎಂಟಣ್ಣ.”

“ಆಯ್ತು. ಕೈಗೆ ಹೇಳಿದೀನಿ, ಒಬ್ಬನಿಗೆ ಸಾಕು ಅಂತ. ಕೇಳಲ್ಲ ಅದು.”

ಅಳತೆ ಅಕ್ಕ ಪಕ್ಕದಲ್ಲಿ ಕೂತು ಒಂದು ತುತ್ತು ತೆಗೆದುಕೊಂಡಳು. ಕೈ ಮಾತು ಕೇಳದಿರುವುದು ಅವಳಿಗೂ ಗೊತ್ತಿತ್ತು. ಮನೆಯಲ್ಲಿ ಈಗಲೂ ಎರಡು ಲೋಟ ತೊಳೆಯುತ್ತಾಳೆ.

“ನಿಮಗೂ ರಿಟೈರ್ ಆಗಿರ್ಬೇಕು?”

“ಕಾಗದ ಬಂತು, ಹತ್ತು ವರ್ಷದ ಹಿಂದೆ. ಗುದ್ದಲಿ ವಾಪಸು ಕೇಳೋಕೆ ಯಾರಾದ್ರೂ ಬರ್ತಾರೆ ಅಂತ ಕಾದೆ. ಬರ್ಲಿಲ್ಲ. ಗುದ್ದಲಿ ಇದ್ದ ಮೇಲೆ ಸುಮ್ಮನಿರೋದು ಹೇಗೆ?”

ಅವಳು ಅನ್ನ ನುಂಗಿ, ನೀರು ಕುಡಿದು, ಬಾಯೊರೆಸಿಕೊಂಡು ಕೇಳಿದಳು.

“ನಿಮ್ಮ ಮೈಲಿ ಎಲ್ಲಿಂದ ಎಲ್ಲಿಗೆ?”

“ಏಳನೇ ಕಲ್ಲಿಂದ ಎಂಟನೇ ಕಲ್ಲಿಗೆ.”

“ಈ ಕಲ್ಲಿಂದ?”

ಮುದುಕ ಬೆನ್ನು ಒರಗಿಸಿಕೊಂಡಿದ್ದ ಕಲ್ಲನ್ನು ತಿರುಗಿ ನೋಡಿದ. ಅದರ ನೆತ್ತಿ ಸವರಿದ.

“ಹಾಗಾದ್ರೆ ಆ ಕೆಳಗಿನ ಎರಡು ಫರ್ಲಾಂಗು? ಅಲ್ಲಿ ಯಾರು ಹುಲ್ಲು ಸವರ್ತಿರೋದು? ಕಲ್ಲಿನ ಲೆಕ್ಕದಲ್ಲಿ ಅದು ಏಳಣ್ಣನ ಜಾಗ. ಪಕ್ಕದವನ ಮೈಲಿಗೆ ಕೈ ಹಾಕಿದ್ರಾ?”

“ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ ತಾಯಿ!” ಮುದುಕನ ದನಿ ಮೊದಲ ಸಲ ಏರಿತು. “ನಲವತ್ತೈದು ವರ್ಷದಲ್ಲಿ ಇನ್ನೊಬ್ಬನ ಮೈಲಿಯಲ್ಲಿ ಒಂದು ಕಡ್ಡಿ ಎತ್ತಿದವನಲ್ಲ ನಾನು.”

“ಮತ್ತೆ?”

“ಅದು ನಂದೇ.”

“ಕಲ್ಲು ಹಾಗನ್ನಲ್ಲವಲ್ಲ?”

“ಕಲ್ಲು ಸಾಹೇಬ್ರದು ತಾಯಿ. ಮೈಲಿ ನನ್ನದು.”

ಅಂದವನು ಅಂದದ್ದಕ್ಕೆ ತಾನೇ ಬೆಚ್ಚಿದ. ಇಪ್ಪತ್ತಾರು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದ ಬೀಜ, ಉಗಿದ ಮೇಲೆ ಗೊತ್ತಾಗುವ ಹಾಗೆ.

ಅಳತೆ ಅಕ್ಕ ಅವಸರಿಸಲಿಲ್ಲ. ಸರಪಳಿ ಎಳೆದವಳಿಗೆ ಗೊತ್ತು. ಜೋರಾಗಿ ಎಳೆದರೆ ಅಳತೆ ತಪ್ಪುತ್ತದೆ.

“ಓವರ್‌ಸಿಯರು ಕಾಣೆಯಾದ ಮಾರನೇ ಬೆಳಿಗ್ಗೆ ಸಾಹೇಬ್ರು ಬಂದ್ರು” ಅಂದ ಎಂಟಣ್ಣ. “‘ಹೊಸ ಸರ್ವೇ ಆಗಿದೆ, ಕಲ್ಲು ತಪ್ಪು ಜಾಗದಲ್ಲಿದೆ, ಕಿತ್ತು ಅಲ್ಲಿ ನೆಡಿ’ ಅಂದ್ರು. ನಾನೂ ಏಳಣ್ಣನೂ ಹೊತ್ತು ತಂದ್ವಿ. ಸರ್ಕಾರದ ಕಲ್ಲು, ಸಾಹೇಬ್ರ ಬಾಯಿ. ಮಧ್ಯೆ ನಾವ್ಯಾರು? ಏಳಣ್ಣನಿಗೆ ಮಾತ್ರ ಇನ್ನೊಂದು ಕೆಲಸ ಹೇಳಿದ್ರು. ಮೋರಿ ಬಾಯಿ ಮುಚ್ಚು ಅಂತ. ಮುಚ್ಚಿದ. ಅವತ್ತಿಂದ ಅವನ ಬಾಯೂ ಮುಚ್ಚಿಹೋಯ್ತು. ಉಣ್ಣೋಕೆ ಕೂತ್ರೆ ಆ ಕಡೆ ಬೆನ್ನು ಹಾಕ್ತಿದ್ದ.”

“ಒಳಗೇನಿದೆ ಅಂತ ಏಳಣ್ಣ ಹೇಳ್ಲಿಲ್ವಾ?”

“ಅವನು ಹೇಳ್ಲಿಲ್ಲ. ನಾನು ಕೇಳ್ಲಿಲ್ಲ.”

“ಪೊಲೀಸರು ಬಂದಾಗ?”

“ಬಂದ್ರು. ಏಳನೇ ಕಲ್ಲು ಎಲ್ಲಿ ಅಂದ್ರು. ತೋರಿಸಿದೆ. ಏಳನೇ ಕಲ್ಲು *ಎಲ್ಲಿತ್ತು* ಅಂತ ಕೇಳ್ಲಿಲ್ಲ.” ಮುದುಕ ಬುತ್ತಿಯ ಬಟ್ಟೆ ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. “ನಾನಾಗೇ ಹೇಳೋ ಧೈರ್ಯ ಇರ್ಲಿಲ್ಲ. ಆದ್ರೆ ನನ್ನ ಮೈಲಿ ಬಿಡ್ಲಿಲ್ಲ. ಹಳೇ ಜಾಗದ ತನಕ ಸವರ್ತಾನೇ ಬಂದೆ. ಇವತ್ತಲ್ಲ ನಾಳೆ ಯಾರಾದ್ರೂ ನೋಡ್ತಾರೆ, ಇದ್ಯಾಕೆ ಹೀಗೆ ಅಂತ ಕೇಳ್ತಾರೆ ಅಂತ. ಎಷ್ಟು ಬಸ್ಸು ಹೋದ್ವು, ಎಷ್ಟು ಜನ ಕಿಟಕಿಯಿಂದ ನೋಡಿದ್ರು. ಯಾರೂ ಕೇಳ್ಲಿಲ್ಲ. ಆಮೇಲೆ ಬಸ್ಸೂ ನಿಂತುಹೋಯ್ತು.”

ಕಣಿವೆಯಿಂದ ತಣ್ಣನೆ ಗಾಳಿ ಎದ್ದಿತು. ಎಲ್ಲಿಯೂ ಒಂದು ಹಕ್ಕಿ ಕೂಗಲಿಲ್ಲ. ಇಷ್ಟು ವರ್ಷ ಈ ಮೌನದಲ್ಲಿ ಒಬ್ಬ ಮನುಷ್ಯ ದಿನಾ ಹುಲ್ಲು ಸವರಿ ಸಾಕ್ಷಿ ಬರೆಯುತ್ತಿದ್ದ, ಓದುವವರಿರಲಿಲ್ಲ.

“ಆ ದಿನ ಏನು ನೋಡಿದ್ರಿ?”

“ನೋಡ್ಲಿಲ್ಲ. ಮೇಲಿನ ತಿರುವಲ್ಲಿದ್ದೆ. ಕೇಳಿಸ್ತು.”

“ಏನು ಕೇಳಿಸ್ತು?”

ಮುದುಕ ನಾಚಿದ. ನಿಜವಾಗಿಯೂ ನಾಚಿದ. “ಹೇಳೋಕೆ ಬರಲ್ಲ. ಮಾಡಿ ತೋರಿಸ್ಲಾ? ನಗಬಾರದು. ಒಬ್ಬನೇ ಇರ್ತೀನಲ್ಲ, ಹೊತ್ತು ಹೋಗಲ್ಲ. ರಸ್ತೆ ಮೇಲೆ ಹೋದವರನ್ನೆಲ್ಲ ಬಾಯಲ್ಲಿ ಇಟ್ಕೊಂಡಿದೀನಿ.”

ಅವನು ಕಣ್ಣು ಮುಚ್ಚಿದ. ಕೆನ್ನೆ ಉಬ್ಬಿದವು. ಆಮೇಲೆ ಆ ಖಾಲಿ ರಸ್ತೆಯ ಮೇಲೆ ಚರಿತ್ರೆ ಸಂಚಾರ ಶುರುಮಾಡಿತು. ಮೊದಲು ಗಾಡಿಯ ಅಚ್ಚು ಕಿರುಗುಟ್ಟಿತು, ಎತ್ತಿನ ಉಸಿರು ಸಮೇತ. ಅದರ ಹಿಂದೆಯೇ ಟಪಾಲು ವ್ಯಾನು, ಗೊರಗೊರ ಎನ್ನುತ್ತ, ತಿರುವಿಗೊಂದು ‘ಪೋಂ’. ಅನಂತರ ಉದ್ದ ಮೂಗಿನ ಮೊದಲ ಬಸ್ಸು. ಕಂಡಕ್ಟರು ಬಾಗಿಲು ಬಡಿದು “ರೈಟ್ ರೈಟ್” ಅಂದದ್ದೂ, ಹಿಂದಿನ ಸೀಟಿನಲ್ಲಿ ಮಗು ಅತ್ತದ್ದೂ ಬಂತು. ದೊಡ್ಡ ಸಾಹೇಬರು ಮೂವತ್ತೆರಡು ಪುಟದಲ್ಲಿ ಹಿಡಿಯಲಾಗದ್ದನ್ನು ಈ ಮುದುಕ ಎರಡು ನಿಮಿಷದಲ್ಲಿ ಏರಿಸಿ ಇಳಿಸಿದ.

“ಇದು ಓವರ್‌ಸಿಯರು.” ಡುಗು ಡುಗು ಡುಗು. ನಡುವೆ ಚೈನಿನ ಕವರು ಟಣ್ ಟಣ್. “ಹತ್ತೋವಾಗ ಹೀಗೆ. ಇಳಿಯೋವಾಗ ಇಂಜಿನ್ ಆರಿಸಿಬಿಡ್ತಿದ್ರು. ಬರೀ ಗಾಳಿ. ಜೊತೆಗೆ ಸಿಳ್ಳೆ. ಒಂದು ದಿನವೂ ತಪ್ಪಿದ್ದಿಲ್ಲ.”

“ಆ ದಿನ?”

“ಹತ್ತಿ ಬಂತು. ಹಳೇ ಕಲ್ಲಿನ ಹತ್ರ ನಿಂತಿತು. ಸ್ವಲ್ಪ ಹೊತ್ತಿಗೆ ಜೀಪು ಬಂತು. ಅಲ್ಲೇ ನಿಂತಿತು. ಎರಡು ಬಾಗಿಲು ಬಡಿದ್ವು, ಒಂದಾದ ಮೇಲೊಂದು. ಆಮೇಲೆ ತುಂಬಾ ಹೊತ್ತು ಏನೂ ಇಲ್ಲ. ಆಮೇಲೆ ಜೀಪು ಇಳೀತು. ಹೊರಡೋವಾಗ ಬಡಿದದ್ದು ಒಂದೇ ಬಾಗಿಲು. ಅದರ ಹಿಂದೆ ಮೋಟರ್ ಸೈಕಲ್ಲು...”

ಮುದುಕನ ಗಂಟಲಿನಿಂದ ಕರ್ಕಶವಾದ ಅರಚು ಹೊರಟಿತು. ಒಂದನೇ ಗೇರಿನಲ್ಲಿ, ಬ್ರೇಕು ಒತ್ತಿಕೊಂಡು, ಹೆದರಿಕೊಂಡು ಇಳಿಯುವ ಗಾಡಿಯ ಅರಚು.

“ಇಂಜಿನ್ ಆರಿಸ್ಲಿಲ್ಲ” ಅಂದಳು ಅಳತೆ ಅಕ್ಕ.

“ಸಿಳ್ಳೆಯೂ ಇಲ್ಲ. ಅದನ್ನ ಓಡಿಸ್ತಿದ್ದದ್ದು ಅವರಲ್ಲ ತಾಯಿ. ಅವತ್ತೇ ಗೊತ್ತಾಯ್ತು ನಂಗೆ.”

ಓಡಿಹೋಗಿಲ್ಲ. ಹೋಗಿಬಿಟ್ಟಿದ್ದಾರೆ. ಕೂಗಳತೆ ದೂರದಲ್ಲಿ, ಗಾರೆ ಮೆತ್ತಿದ ಬಾಯಿಯ ಹಿಂದೆ ಇದ್ದಾರೆ. ಟೀಚರಮ್ಮನಿಗೆ ಇದನ್ನು ಯಾವ ಮಾತಿನಲ್ಲಿ ಹೇಳುವುದೆಂದು ಯೋಚಿಸುತ್ತಲೇ ಅಳತೆ ಅಕ್ಕ ಕೊನೆಯದನ್ನು ಕೇಳಿದಳು.

“ಜೀಪು ಹೇಗಿತ್ತು? ಅದನ್ನೂ ಮಾಡಿ.”

“ಅದನ್ನ ಮರೆಯೋಕೆ ಬಿಟ್ರೆ ತಾನೇ. ವರ್ಷಕ್ಕೊಂದು ಸಲ ಈಗಲೂ ಬರುತ್ತೆ. ಮೋರಿ ಹತ್ರ ನಿಲ್ಲುತ್ತೆ, ಗಾರೆ ಗಟ್ಟಿಯಿದೆಯಾ ಅಂತ ನೋಡುತ್ತೆ, ಹೋಗುತ್ತೆ.”

“ಇಲ್ಲಿಗೆ? ಆರನೇ ಕಲ್ಲಿನಾಚೆ ಗಾಡಿ ಹೋಗಲ್ಲ ಅಂದ್ರಲ್ಲ?”

“ಯಾರಂದದ್ದು?”

ಎಂಟಣ್ಣ ಕಣ್ಣು ಮುಚ್ಚಿ, ಎದೆಯಾಳದಿಂದ ಜೀಪು ತೆಗೆದ. ಗುರ್ರೆಂದು ಏರಿತು. ಮೂರು ಸಲ ಕೆಮ್ಮಿತು. ಒಂದು ಸಲ ಸೀನಿತು.

ಅಳತೆ ಅಕ್ಕ ಕೈಯಲ್ಲಿದ್ದ ನೀರಿನ ಬಾಟಲಿಯನ್ನು ನೆಲಕ್ಕಿಟ್ಟಳು. ಬೆಳಿಗ್ಗೆ ಒಂದು ಗಂಟೆ ಹೊತ್ತು ಅವಳು ಆ ಕೆಮ್ಮಿನ ಪಕ್ಕದಲ್ಲೇ ಕೂತು ಬಂದಿದ್ದಳು.

“ಸಾಕು ಎಂಟಣ್ಣ” ಅಂದಳು.

ಮುದುಕ ಬಾಯಿ ಮುಚ್ಚಿದ.

ಜೀಪು ನಿಲ್ಲಲಿಲ್ಲ.

ಕೆಳಗಿನಿಂದ, ತಿರುವಿನ ಮರೆಯಿಂದ, ಗುರ್ರೆನ್ನುತ್ತ ಏರುತ್ತಲೇ ಇತ್ತು. ಮೂರು ಕೆಮ್ಮು, ಒಂದು ಸೀನು. ಅಳತೆ ಅಕ್ಕ ಗಡಿಯಾರ ನೋಡಿದಳು. ಒಂದೂ ಮುಕ್ಕಾಲು. ಐದು ಗಂಟೆಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಸೊಂಟದೆತ್ತರದ ಹುಲ್ಲು ಸೀಳಿಕೊಂಡು ಜೀಪಿನ ಮೂಗು ಹೊರಬಂತು. ಏಳನೇ ಕಲ್ಲಿನ ತನಕ ಬರಲಿಲ್ಲ. ಹುಲ್ಲು ಮುಗಿದ ಜಾಗದಲ್ಲಿ, ಗಾಲಿ ಅಳೆದು ಹೇಳಿದ ಅದೇ ಗೆರೆಯ ಮೇಲೆ ನಿಂತಿತು.

ಒಂದು ಬಾಗಿಲು ಬಡಿಯಿತು. ದೊಡ್ಡ ಸಾಹೇಬರು ಇಳಿದು, ಮೋರಿಯ ಅಂಚಿಗೆ ಹೋಗಿ, ಬೆನ್ನ ಹಿಂದೆ ಕೈ ಕಟ್ಟಿ ಕೆಳಗೆ ನೋಡಿದರು.

ಎರಡನೇ ಬಾಗಿಲು ಬಡಿಯಿತು.

“ಅವತ್ತೂ ಇಷ್ಟೇ ಹೊತ್ತಿಗೆ” ಅಂದ ಎಂಟಣ್ಣ, ಪಿಸುಮಾತಿನಲ್ಲಿ.

ಕಣಿವೆಯ ಆಚೆಯಿಂದ ಟೀಚರಮ್ಮನ ದನಿ ತೇಲಿಬಂತು, ತೆಳ್ಳಗೆ, ಖುಷಿಯಿಂದ, ಬಂಡೆಯಿಂದ ಬಂಡೆಗೆ ಬಡಿಯುತ್ತ.

“ಅಕ್ಕಾ... ಬಂದೆ! ನನ್ನ ಕರ್ಕೊಂಡು ಬನ್ನಿ ಅಂತ ಸಾಹೇಬ್ರಿಗೆ ನೀವೇ ಅಂದ್ರಂತಲ್ಲ?”